ಹಳೆ ಬಟ್ಟೆಯಿಂದ ಕೈಯಾರೆ ಹೊಲಿದ ಉಡುಪುಗಳ ಫೋಟೋಶೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಲಿಯುವುದು ಹಳೆ ಬಟ್ಟೆಗಳಿಂದ. ಸವೆದ ಜೀನ್ಸ್, ಕಾಲರ್ ಹರಿದ ಶರ್ಟ್, ಯಾರಿಗೂ ಬೇಡವಾದ ಪರದೆ, ಒಗೆದು ಕುಗ್ಗಿಹೋದ ಉಣ್ಣೆ ಸ್ವೆಟರ್, ಇವೇ ನನ್ನ ಕಚ್ಚಾ ಮಾಲು. ಹಾಗಾಗಿ ಪ್ರತಿ ಉಡುಪೂ ಒಂದೇ ಒಂದು. ಅಂಥದ್ದೇ ಇನ್ನೊಂದು ಹೊಲಿಯೋಣ ಎಂದರೆ ಆ ಬಟ್ಟೆಯೇ ಇರುವುದಿಲ್ಲ. ಉಡುಪು ಮಾರಾಟವಾದ ಮೇಲೆ ನನ್ನ ಹತ್ತಿರ ಉಳಿಯುವುದು ಅದರ ಫೋಟೋ ಮಾತ್ರ. ಕೆಳಗಿನ ಕೆಲವು ಉತ್ತರಗಳು ಸ್ವಲ್ಪ ಬಿಗಿಯಾಗಿವೆ ಅನ್ನಿಸಿದರೆ ಕಾರಣ ಇದೇ. ಫೋಟೋಗ್ರಾಫರ್, ಮಾಡೆಲ್, ಸ್ಟೈಲಿಸ್ಟ್, ಮೇಕಪ್ ಮಾಡುವವರು, ಯಾರೇ ಆಗಿರಲಿ, ಇದನ್ನು ಓದಿ ಆಮೇಲೆ ನನಗೆ ಬರೆಯಿರಿ.

ನಿಮ್ಮ ಉಡುಪುಗಳನ್ನು ನಮ್ಮ ಶೂಟ್‌ಗೆ ಕೊಡುತ್ತೀರಾ?

ಕೊಡುತ್ತೇನೆ, ಖುಷಿಯಿಂದಲೇ. ಆದರೆ "ಹಾಯ್, ಕೊಲ್ಯಾಬ್ ಮಾಡೋಣ್ವಾ?" ಎಂಬ ಒಂದು ಸಾಲಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ಯಾವ ದಿನ, ಒಳಾಂಗಣವೋ ಹೊರಾಂಗಣವೋ, ತಂಡದಲ್ಲಿ ಯಾರ್ಯಾರು ಇದ್ದಾರೆ, ಫೋಟೋಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ, ಇಷ್ಟು ಬರೆಯಿರಿ. ನೀವು ಹಿಂದೆ ತೆಗೆದ ನಾಲ್ಕಾರು ಫೋಟೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಫಾಲೋವರ್ಸ್ ಎಷ್ಟು ಅಂತ ಹೇಳಬೇಕಾಗಿಲ್ಲ. ಅದನ್ನು ನೋಡಿ ನಾನು ಯಾವತ್ತೂ ಹೂಂ ಅಂದಿಲ್ಲ.

ಮೂಡ್‌ಬೋರ್ಡ್ ಬೇಕೇ ಬೇಕಾ?

ಮೂಡ್‌ಬೋರ್ಡ್ ಅಂದರೆ ಶೂಟ್ ಹೇಗಿರಬೇಕು ಅಂತ ತೋರಿಸುವ ಚಿತ್ರಗಳ ಜೋಡಣೆ, ಅದು ಚಂದವಾಗಿರಬೇಕು ಅಂತೇನಿಲ್ಲ. ಬೆಳಕು ಹೇಗಿರಬೇಕು, ಜಾಗ ಎಂಥದ್ದು, ಬಣ್ಣಗಳು ಯಾವುವು ಅಂತ ನನಗೆ ಅರ್ಥವಾಗುವಷ್ಟು ಚಿತ್ರಗಳಿದ್ದರೆ ಸಾಕು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹಳೆ ಬಟ್ಟೆ ಅಂದ ಕೂಡಲೇ ಪಾಳು ಕಟ್ಟಡ, ಗುಜರಿ, ಕಸದ ರಾಶಿ ಹಿನ್ನೆಲೆಗೆ ಬಂದುಬಿಡುತ್ತವೆ. ಈ ಐಡಿಯಾ ನನಗೆ ಬಹಳ ಸಲ ಬಂದಿದೆ. ಬಟ್ಟೆ ಕಸದಿಂದ ತಪ್ಪಿಸಿಕೊಂಡು ಬಂದಿದೆ, ಅದನ್ನು ಮತ್ತೆ ಅಲ್ಲಿಗೇ ಯಾಕೆ ಕಳಿಸಬೇಕು? ಶುಭ್ರವಾದ ಗೋಡೆ, ಒಳ್ಳೆ ಕುರ್ಚಿ, ಒಂದು ಕಿಟಕಿ. ಅಲ್ಲಿ ತೇಪೆ ಹೊಲಿಗೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ನೋಡಿ.

ದುಡ್ಡಿನ ವಿಷಯ ಹೇಗೆ? ಯಾರು ಯಾರಿಗೆ ಕೊಡಬೇಕು?

ಶೂಟ್‌ನಿಂದ ಯಾರಿಗಾದರೂ ದುಡ್ಡು ಬರುತ್ತಿದೆಯಾ ಅಂತ ಮೊದಲು ನೋಡೋಣ. ಯಾರಿಗೂ ಬರುತ್ತಿಲ್ಲ, ಎಲ್ಲರೂ ತಮ್ಮ ಪೋರ್ಟ್‌ಫೋಲಿಯೋಗೆ ಅಂತಲೇ ಸೇರಿದ್ದೇವೆ ಎಂದಾದರೆ ಯಾರೂ ಯಾರಿಗೂ ಕೊಡುವುದು ಬೇಡ. ಸಮಯಕ್ಕೆ ಬದಲಾಗಿ ಫೋಟೋ. ಫೋಟೋ ವಲಯದಲ್ಲಿ ಇದನ್ನು ಟಿಎಫ್‌ಪಿ ಅನ್ನುತ್ತಾರೆ. ಆಗಲೂ ಓಡಾಟ, ಜಾಗದ ಬಾಡಿಗೆ, ಊಟ, ಡ್ರೈಕ್ಲೀನಿಂಗ್ ಇವುಗಳ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಜಗಳ ಹುಟ್ಟುವುದು ಇಂಥ ಸಣ್ಣ ಖರ್ಚುಗಳಲ್ಲೇ.

ಬೇರೆ ಕಂಪನಿಯ ಚಪ್ಪಲಿ, ಒಡವೆ ಅಥವಾ ಸೌಂದರ್ಯವರ್ಧಕದ ಜಾಹೀರಾತಿಗೆ ನನ್ನ ಉಡುಪು ಬೇಕಿದ್ದರೆ ಅದು ಬಾಡಿಗೆ. ನನ್ನ ಹೊಸ ಸಂಗ್ರಹ ಮಾರಲಿಕ್ಕೆ ನಾನೇ ನಿಮ್ಮನ್ನು ಕರೆದರೆ ನಿಮಗೂ ಮಾಡೆಲ್‌ಗೂ ಸಂಭಾವನೆ ಕೊಡುವುದು ನನ್ನ ಕೆಲಸ. "ಎಕ್ಸ್‌ಪೋಷರ್ ಸಿಗುತ್ತದೆ" ಎಂಬ ಮಾತನ್ನು ನಾನು ನಿಮಗೆ ಹೇಳುವುದಿಲ್ಲ, ನೀವೂ ನನಗೆ ಹೇಳಬೇಡಿ.

ನಮ್ಮ ಮಾಡೆಲ್‌ಗೆ ಸರಿಯಾದ ಸೈಜ್ ಇದೆಯಾ?

ನನ್ನ ಹತ್ತಿರ ಎಸ್, ಎಂ, ಎಲ್ ಇಲ್ಲ. ಹಳೆ ಬಟ್ಟೆಯಲ್ಲಿ ಎಷ್ಟು ಗಟ್ಟಿ ಭಾಗ ಸಿಕ್ಕಿತೋ ಅಷ್ಟರಲ್ಲಿ ಕತ್ತರಿಸಿರುತ್ತೇನೆ, ಉಡುಪಿನ ಅಳತೆ ಅಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಮೊದಲು ಮಾಡೆಲ್ ಆರಿಸಿ ಆಮೇಲೆ ಉಡುಪು ಹುಡುಕಿದರೆ ಕಷ್ಟ. ಉಲ್ಟಾ ಮಾಡಿದರೆ ಸುಲಭ. ಉಡುಪು ಆರಿಸಿಕೊಳ್ಳಿ, ಅದರ ಅಳತೆ ನಾನು ಕಳಿಸುತ್ತೇನೆ, ಅದಕ್ಕೆ ಹೊಂದುವವರನ್ನು ಕರೆಯಿರಿ. ದಪ್ಪ, ತೆಳ್ಳಗೆ, ಎತ್ತರ, ಕುಳ್ಳು, ವಯಸ್ಸು ಯಾವುದೂ ನನಗೆ ಅಡ್ಡಿಯಲ್ಲ.

ಮಾಡೆಲ್ ಮೊದಲೇ ನಿಗದಿಯಾಗಿದ್ದರೆ ಎದೆ, ಸೊಂಟ, ಪೃಷ್ಠ, ಭುಜದಿಂದ ಭುಜ, ತೋಳಿನ ಉದ್ದ, ತೋಳಿನ ಸುತ್ತಳತೆ, ಎತ್ತರ, ಇಷ್ಟನ್ನು ಟೇಪಿನಿಂದ ಅಳೆದು ಕಳಿಸಿ. ತೋಳಿನ ಸುತ್ತಳತೆಯನ್ನು ಎಲ್ಲರೂ ಮರೆಯುತ್ತಾರೆ, ಉಡುಪು ಸಿಕ್ಕಿಕೊಳ್ಳುವುದು ಅಲ್ಲೇ. ಹಳೆ ನೇಯ್ಗೆಗೆ ಹಿಗ್ಗುವ ಶಕ್ತಿ ಕಡಿಮೆ. ಬಿಗಿಯಾದ ತೋಳಿನಲ್ಲಿ ಕೈ ಮೇಲೆತ್ತಿದರೆ ಹೊಲಿಗೆ ಬಿಡುವುದಿಲ್ಲ, ಹೊಲಿಗೆಯ ಪಕ್ಕದ ಬಟ್ಟೆಯೇ ಹರಿಯುತ್ತದೆ. ಹೊಲಿಗೆ ಬಿಟ್ಟರೆ ಮತ್ತೆ ಹಾಕಬಹುದು, ಬಟ್ಟೆ ಹರಿದರೆ ಕಥೆ ಬೇರೆ.

ಸ್ವಲ್ಪ ಸಡಿಲ ಇದ್ದರೆ ಹಿಂದೆ ಕ್ಲಿಪ್ ಹಾಕಬಹುದಾ?

ಹಾಕಬಹುದು. ಕ್ಲಿಪ್ಪಿನ ಬಾಯಿಗೆ ಒಂದು ತುಂಡು ಮೆತ್ತನೆಯ ಬಟ್ಟೆ ಮಡಚಿ ಇಟ್ಟು ಆಮೇಲೆ ಹಾಕಿ. ಸೇಫ್ಟಿ ಪಿನ್ ಹಾಕುವುದಾದರೆ ಹೊಲಿಗೆಯ ಸಾಲಿನಲ್ಲೇ ಚುಚ್ಚಿ, ಬಟ್ಟೆಯ ನಡುವೆ ಬೇಡ. ಎರಡು ಬದಿ ಅಂಟುವ ಟೇಪನ್ನು ರೇಷ್ಮೆ, ವೆಲ್ವೆಟ್ ಮೇಲೆ ಹಚ್ಚಲೇಬೇಡಿ. ಕತ್ತರಿಯನ್ನು ಮುಟ್ಟುವುದೂ ಬೇಡ, "ಒಂದು ದಾರ ಹೊರಗೆ ಬಂದಿತ್ತು, ಕತ್ತರಿಸಿದೆ" ಅಂತಲೂ ಬೇಡ. ಎಷ್ಟೋ ಉಡುಪುಗಳಲ್ಲಿ ಆ ದಾರ ಬೇಕಂತಲೇ ಹೊರಗೆ ಬಿಟ್ಟಿದ್ದು.

ಇಸ್ತ್ರಿ ಮಾಡಿ ತರುತ್ತೀರಾ, ನಾವೇ ಮಾಡಬೇಕಾ?

ನಾನೇ ಮಾಡಿ ಕೊಡುತ್ತೇನೆ. ದಾರಿಯಲ್ಲಿ ಮುದುರಿದರೆ ಮಾತ್ರ ನೀವು ಕೈ ಹಾಕಿ, ಅದೂ ಹುಷಾರಾಗಿ. ಅಂಗಡಿಯ ಶರ್ಟು ಒಂದೇ ಥರದ ಬಟ್ಟೆ. ನನ್ನ ಒಂದು ಜಾಕೆಟ್‌ನಲ್ಲಿ ಹತ್ತಿ, ಪಾಲಿಯೆಸ್ಟರ್, ಉಣ್ಣೆ, ಅಕ್ರಿಲಿಕ್ ಎಲ್ಲ ಅಕ್ಕಪಕ್ಕ ಇರಬಹುದು. ಹತ್ತಿಗೆ ಬೇಕಾದ ಶಾಖದಲ್ಲಿ ಪಾಲಿಯೆಸ್ಟರ್ ಹೊಳಪು ಹೊಡೆದುಬಿಡುತ್ತದೆ, ಇನ್ನೂ ಬಿಸಿಯಾದರೆ ಕರಗುತ್ತದೆ. ಅಕ್ರಿಲಿಕ್ ಹೆಣಿಗೆಗೆ ಹಬೆ ಜಾಸ್ತಿ ತಾಗಿದರೆ ಜೋಲು ಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಮಿಂಚು ಬಿಲ್ಲೆಗಳು ಸುರುಟಿಕೊಳ್ಳುತ್ತವೆ. ವೆಲ್ವೆಟ್ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಅದರ ಮೇಲೆ ಎದ್ದು ನಿಂತ ಸಣ್ಣ ಎಳೆಗಳು ಮಲಗಿಬಿಡುತ್ತವೆ. ಅದಕ್ಕೆ ಒಳಬದಿಯಿಂದ ಹಬೆ ಕೊಡಬೇಕು.

ಒಂದೇ ಉಪಾಯ. ಇಡೀ ಉಡುಪಿನಲ್ಲಿ ಅತಿ ನಾಜೂಕಾದ ಬಟ್ಟೆ ಯಾವುದೋ ಅದಕ್ಕೆ ತಕ್ಕ ಶಾಖ ಇಡಿ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ. ಗೊತ್ತಾಗದಿದ್ದರೆ ಬಿಟ್ಟುಬಿಡಿ. ಒಂದೆರಡು ಸುಕ್ಕು ಇದ್ದರೆ ಏನೂ ಆಗುವುದಿಲ್ಲ.

ಮೇಕಪ್ ಮಾಡುವವರಿಗೆ ಏನು ಹೇಳಬೇಕು?

ತಲೆಯ ಮೇಲಿನಿಂದ ಹಾಕುವ ಉಡುಪಾದರೆ ಮುಖಕ್ಕೊಂದು ತೆಳು ಸ್ಕಾರ್ಫ್ ಮುಚ್ಚಿಕೊಂಡು ಹಾಕಿಕೊಳ್ಳಲಿ. ತುಟಿಯ ಬಣ್ಣ ಕೊನೆಗೆ. ಕತ್ತಿಗೆ ಫೌಂಡೇಶನ್ ಹಚ್ಚಿದ್ದರೆ ಕಾಲರ್ ಒಳಗೆ ಟಿಶ್ಯೂ ಇಡಿ. ಸೆಂಟನ್ನು ಬಟ್ಟೆಯ ಮೇಲೆ ಹೊಡೆಯಬೇಡಿ. ಮೈಗೆ ಎಣ್ಣೆ, ಹೊಳಪಿನ ಲೋಷನ್ ಹಚ್ಚುವ ಯೋಚನೆ ಇದ್ದರೆ ಮೊದಲೇ ತಿಳಿಸಿ, ಅದಕ್ಕೆ ತಕ್ಕ ಉಡುಪು ಕೊಡುತ್ತೇನೆ. ಒಗೆದರೆ ಹೋಗುವ ಕಲೆಯಾದರೂ, ಒಗೆಯಲಾಗದ ತುಂಡು ಅದರ ಪಕ್ಕದಲ್ಲೇ ಹೊಲಿದುಕೊಂಡಿರುತ್ತದೆ. ತೊಂದರೆ ಇರುವುದು ಅಲ್ಲಿ.

ಬಹಳ ಹಳೆಯ ರೇಷ್ಮೆ ಇರುವ ಉಡುಪುಗಳಿಗೆ ನಾನು ಬೇರೆಯೇ ಚೀಟಿ ಕಟ್ಟಿರುತ್ತೇನೆ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಶುರುವಿನಲ್ಲಿ ರೇಷ್ಮೆ ತೂಕ ಬರಲಿ, ಚೆನ್ನಾಗಿ ಇಳಿಬೀಳಲಿ ಅಂತ ತವರದಂಥ ಲೋಹದ ಲವಣಗಳಲ್ಲಿ ಅದ್ದುತ್ತಿದ್ದರು. ಅಂಥ ರೇಷ್ಮೆ ವಯಸ್ಸಾದಂತೆ ಸುಮ್ಮನೆ ಇದ್ದಲ್ಲೇ ಸೀಳುತ್ತದೆ. ಆ ಚೀಟಿ ಇರುವ ಉಡುಪು ಹಾಕಿಕೊಂಡವರು ಕೂರುವುದಿಲ್ಲ, ನಿಂತೇ ಫೋಟೋ.

ನೀರಿನಲ್ಲಿ, ಮರಳಿನಲ್ಲಿ, ಬಣ್ಣದ ಹೊಗೆಯಲ್ಲಿ ತೆಗೆಯಬೇಕು ಅಂತಿದ್ದೇವೆ. ಆಗುತ್ತದಾ?

ಮರಳು ಪರವಾಗಿಲ್ಲ, ಒದರಿದರೆ ಹೋಗುತ್ತದೆ. ನೀರಿಗೆ ಮೊದಲೇ ಕೇಳಬೇಕು. ಬೇರೆ ಬೇರೆ ಕಡೆಯಿಂದ ಬಂದ ಬಟ್ಟೆಗಳ ಬಣ್ಣ ಬೇರೆ ಬೇರೆ ರೀತಿ ಬಿಡುತ್ತದೆ. ಕೆಂಪು ತೇಪೆ ಪಕ್ಕದ ಬಿಳಿ ತೇಪೆಗೆ ಇಳಿದರೆ ಅದನ್ನು ಯಾರೂ ಸರಿ ಮಾಡಲಾರರು. ಒಗೆಯಬಹುದಾದದ್ದನ್ನೆಲ್ಲ ಕತ್ತರಿಸುವ ಮೊದಲೇ ಒಗೆದಿರುತ್ತೇನೆ, ಆದರೂ ಗಂಟೆಗಟ್ಟಲೆ ಒದ್ದೆ ಇರುವುದೇ ಬೇರೆ. ನೀರಿಗೆ ಇಳಿಯಬಲ್ಲ ಉಡುಪುಗಳು ಒಂದಷ್ಟಿವೆ, ಅವುಗಳಲ್ಲೇ ಆರಿಸೋಣ.

ಬಣ್ಣದ ಹೊಗೆ, ಬಣ್ಣದ ಪುಡಿ ಬೇಡ. ಬೆಂಕಿ, ಮೇಣದಬತ್ತಿ, ಸುರುಸುರು ಬತ್ತಿ ಅಂತೂ ಬೇಡವೇ ಬೇಡ. ಹತ್ತಿ ಭಗ್ಗನೆ ಹತ್ತಿಕೊಳ್ಳುತ್ತದೆ, ಸಿಂಥೆಟಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಎರಡೂ ಇರುವ ಉಡುಪು ಹಾಕಿಕೊಂಡವರ ಹತ್ತಿರ ಬೆಂಕಿ ತರುವ ಫೋಟೋಗೆ ನಾನು ಒಪ್ಪುವುದಿಲ್ಲ.

ಉಡುಪು ಹಾಳಾದರೆ ಏನು ಮಾಡಬೇಕು?

ಮೊದಲು ನನಗೆ ಹೇಳಿ. ನೀವೇ ಒಗೆಯಬೇಡಿ, ಉಜ್ಜಬೇಡಿ, ಹೊಲಿಯಲೂ ಬೇಡಿ. ಕಲೆಯಾದರೆ ಒಣ ಬಿಳಿ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ, ಅಷ್ಟೇ.

ಕೊಡುವಾಗ ಇಬ್ಬರೂ ಕೂತು ಉಡುಪನ್ನು ನೋಡುತ್ತೇವೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತೇವೆ. ಇದು ನಿಮಗೂ ಒಳ್ಳೆಯದು. ಹಳೆ ಬಟ್ಟೆಯಲ್ಲಿ ಮೊದಲೇ ಇದ್ದ ತೂತು, ಮಾಸಿದ ಭಾಗ, ಕಲೆ ಇರುತ್ತವೆ, ಅದರ ಆರೋಪ ನಿಮ್ಮ ಮೇಲೆ ಬರಬಾರದು ಅಲ್ವಾ? ಉಡುಪಿನ ಬೆಲೆಯನ್ನೂ ಆಗಲೇ ಬರೆದುಕೊಳ್ಳೋಣ. ಹೊಲಿಗೆ ಬಿಟ್ಟರೆ, ಗುಂಡಿ ಕಿತ್ತುಬಂದರೆ ಅದು ನನ್ನ ಪಾಲು. ಜೋರಾಗಿ ಎಳೆದು ಹರಿದರೆ, ಸುಟ್ಟರೆ, ಕಳೆದುಹೋದರೆ ಬರೆದುಕೊಂಡ ಬೆಲೆ ನಿಮ್ಮ ಪಾಲು. ತೇಪೆ ಹಾಕಿ ಉಳಿಸಬಹುದು ಅನ್ನಿಸಿದರೆ ಉಳಿಸುತ್ತೇನೆ, ಆ ಕೆಲಸದ ಕೂಲಿ ಮಾತ್ರ ಕೊಟ್ಟರಾಯಿತು. ತೇಪೆ ಹಾಕುವುದು ನನ್ನ ಕಸುಬೇ ಆದ್ದರಿಂದ ಎಷ್ಟೋ ಸಲ ಉಡುಪು ಮೊದಲಿಗಿಂತ ಚೆನ್ನಾಗಿಯೇ ಆಗುತ್ತದೆ. ಆದರೆ ಅದನ್ನು ನೆಪ ಮಾಡಿಕೊಂಡು ಹರಿಯಬೇಡಿ!

ಬೆಳಕು, ಕ್ಯಾಮೆರಾ ಬಗ್ಗೆ ನಿಮ್ಮದೇನಾದರೂ ಬೇಡಿಕೆ ಇದೆಯಾ?

ಇದೆ. ಈ ಪುಟದಲ್ಲಿ ಉದ್ದದ ಉತ್ತರ ಇದೇ, ಸ್ವಲ್ಪ ತಾಳ್ಮೆ ಇರಲಿ.

ಮೊದಲನೆಯದು, ಬೆಳಕು ಬದಿಯಿಂದ ಬರಲಿ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ನೇರ ಬಿದ್ದರೆ ಕೈಹೊಲಿಗೆ, ತೇಪೆಯ ಅಂಚು, ನೇಯ್ಗೆ ಎಲ್ಲ ಚಪ್ಪಟೆಯಾಗಿ ಪ್ರಿಂಟ್ ಮಾಡಿದ ಬಟ್ಟೆಯ ಹಾಗೆ ಕಾಣುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಹೊಲಿಗೆಗೂ ಸಣ್ಣ ನೆರಳು ಹುಟ್ಟುತ್ತದೆ. ನನ್ನ ಕೆಲಸ ಕಾಣುವುದು ಆ ನೆರಳಿನಲ್ಲಿ. ದೊಡ್ಡ ಕಿಟಕಿ ಒಂದಿದ್ದರೆ ಸಾಕು, ಸ್ಟುಡಿಯೋ ಬೇಕೆಂದೇನಿಲ್ಲ.

ಎರಡನೆಯದು ಬಣ್ಣ. ಹಳೆ ಬಟ್ಟೆಗಳನ್ನು ಜೋಡಿಸುವಾಗ ನಾನು ಹಗಲಿನ ಬೆಳಕಲ್ಲಿ ಬಣ್ಣ ಹೊಂದಿಸುತ್ತೇನೆ. ಎರಡು ಕಪ್ಪು ತುಂಡುಗಳು ಬಿಸಿಲಿನಲ್ಲಿ ಒಂದೇ ಥರ ಇರುತ್ತವೆ. ಅದೇ ತುಂಡುಗಳು ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಒಂದು ಕೆಂಪಗೆ, ಒಂದು ಹಸಿರಗೆ ತಿರುಗುತ್ತವೆ. ಎರಡಕ್ಕೂ ಹಾಕಿದ ಬಣ್ಣ ಬೇರೆ, ಅವು ಬೆಳಕನ್ನು ಹೀರುವ ರೀತಿಯೂ ಬೇರೆ. ಎಡಿಟಿಂಗ್‌ನಲ್ಲಿ ಇದನ್ನು ಸರಿ ಮಾಡುವುದು ಕಷ್ಟ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಹಾಗಾಗಿ ಹಗಲು ಬೆಳಕು ಅಥವಾ ಸುಮಾರು 5500 ಕೆಲ್ವಿನ್‌ನ, ಅಂದರೆ ಹಗಲಿನಂಥ ಬೆಳಕಿನ, ಒಳ್ಳೆ ಫ್ಲ್ಯಾಶ್ ಇರಲಿ. ಎಲ್‌ಇಡಿಯೇ ಆದರೆ ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 95ರ ಆಸುಪಾಸಿನದ್ದು ತನ್ನಿ. ಕಿಟಕಿ ಬೆಳಕಿನ ಜೊತೆ ಹಳದಿ ಬಲ್ಬು ಬೆರೆಸಬೇಡಿ. ಪ್ರತಿ ಉಡುಪಿಗೂ ಶುರುವಿನಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಲಗೆ) ಹಿಡಿದು ಒಂದು ಫೋಟೋ ತೆಗೆದುಕೊಂಡರೆ ಆಮೇಲೆ ನಮ್ಮಿಬ್ಬರಿಗೂ ತಲೆನೋವು ಕಡಿಮೆ. ಸಂಜೆಯ ಹೊಂಬಿಸಿಲು ನಿಮಗಿಷ್ಟ ಇರಬಹುದು, ನನಗೂ ಇಷ್ಟ. ಆದರೆ ಎಲ್ಲ ಉಡುಪುಗಳೂ ಅದರಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತವೆ. ಒಂದೆರಡು ಫೋಟೋ ಬಿಸಿಲು ಇಳಿಯುವ ಮೊದಲೇ ತೆಗೆದುಬಿಡಿ.

ಕಪ್ಪು ಸಿಂಥೆಟಿಕ್ ಬಟ್ಟೆ ಕೆಲವು ಕ್ಯಾಮೆರಾಗಳಲ್ಲಿ ಕಂದು ಅಥವಾ ನೇರಳೆ ಕಾಣುತ್ತದೆ. ಅಂಥ ಬಟ್ಟೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ, ಸೆನ್ಸರ್ ಅದನ್ನು ಹಿಡಿದುಬಿಡುತ್ತದೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾ ಈ ವಿಷಯಕ್ಕೇ ಕುಖ್ಯಾತಿ ಪಡೆದಿತ್ತು. ಕೊನೆಗೆ ಆ ಬೆಳಕನ್ನು ತಡೆಯುವ ಫಿಲ್ಟರನ್ನು ಕಂಪನಿಯೇ ಕೊಟ್ಟಿತು. ಈಗಿನ ಕ್ಯಾಮೆರಾಗಳಲ್ಲಿ ಇದು ಕಡಿಮೆ, ಆದರೂ ಕಪ್ಪು ಜಾಕೆಟ್ ಇದ್ದಾಗ ಒಮ್ಮೆ ಸ್ಕ್ರೀನ್ ನೋಡಿಕೊಳ್ಳಿ.

ಸಣ್ಣ ಗೆರೆಯ ಶರ್ಟ್ ಬಟ್ಟೆ ನನ್ನಲ್ಲಿ ಬಹಳ. ಅದರ ಮೇಲೆ ಅಲೆಅಲೆಯಾಗಿ ಬಣ್ಣದ ಪಟ್ಟೆ ಕಂಡರೆ ಅದು ಮ್ವಾರೆ. ನಿಂತ ಜಾಗದಿಂದ ಒಂದು ಹೆಜ್ಜೆ ಮುಂದೆ ಹಿಂದೆ ಆಗಿ, ಅಥವಾ ಕ್ಯಾಮೆರಾ ಸ್ವಲ್ಪ ಓರೆ ಮಾಡಿ. ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿದಾಗಲೂ ಪಟ್ಟೆ ಇದ್ದರೆ ಮಾತ್ರ ಅದು ಫೋಟೋದಲ್ಲಿದೆ ಅಂತ ಅರ್ಥ. ಇಲ್ಲದಿದ್ದರೆ ಅದು ಸ್ಕ್ರೀನಿನ ಆಟ.

ಲೆನ್ಸ್ ನಿಮ್ಮ ಆಯ್ಕೆ. ವೈಡ್ ಆ್ಯಂಗಲ್ ಹಿಡಿದು ಹತ್ತಿರ ಬಂದರೆ ಲಂಗದ ಅಂಚು ಎಳೆದಂತಾಗಿ ಕಟ್ ತಪ್ಪು ಕಾಣುತ್ತದೆ, ಇಷ್ಟು ನೆನಪಿರಲಿ. ಇಡೀ ಉಡುಪಿನ ಫೋಟೋಗೆ ಫುಲ್ ಫ್ರೇಮ್‌ನಲ್ಲಿ 50ರಿಂದ 85 ಮಿ.ಮೀ., ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಹೀಗಿದ್ದರೆ ನನಗೆ ನೆಮ್ಮದಿ.

ಯಾವ ಫೋಟೋಗಳು ನಿಮಗೆ ಬೇಕೇ ಬೇಕು?

ಪ್ರತಿ ಉಡುಪಿಗೂ ಮುಂದೆ, ಹಿಂದೆ, ಮತ್ತು ಹೊಲಿಗೆ ಹತ್ತಿರದಿಂದ ಕಾಣುವ ಒಂದು. ಆಗುವುದಾದರೆ ಒಳಬದಿಯದ್ದೂ ಒಂದು. ನನ್ನ ಉಡುಪುಗಳ ಒಳಗೆ ಹಳೆ ಜೇಬು, ಹಳೆ ಹೆಸರು ಹೊಲಿದ ಪಟ್ಟಿ, ಯಾರೋ ಹಿಂದೆ ಹಾಕಿದ ರಫು ಇರುತ್ತವೆ. ಉಳಿದದ್ದೆಲ್ಲ ನಿಮ್ಮ ಕಲ್ಪನೆ. ಓಡಲಿ, ಹಾರಲಿ, ಮುಖ ಕಾಣದಿರಲಿ, ಮಸುಕಾಗಿರಲಿ, ನಾನು ಅಡ್ಡ ಬರುವುದಿಲ್ಲ.

ರೀಟಚ್ ಎಷ್ಟು ಮಾಡಬಹುದು?

ಚರ್ಮ, ಕೂದಲು, ಹಿನ್ನೆಲೆ ನಿಮಗೆ ಮತ್ತು ಮಾಡೆಲ್‌ಗೆ ಬಿಟ್ಟದ್ದು. ಉಡುಪಿನ ಮೇಲೆ ಮಾತ್ರ ಕೈ ಹಾಕಬೇಡಿ. ತೇಪೆ, ಸೊಟ್ಟ ಹೊಲಿಗೆ, ಮಾಸಿದ ಮೊಣಕಾಲು, ಹಳೆ ಜೇಬು ಕಿತ್ತ ಜಾಗದ ಗಾಢ ನೀಲಿ ಚೌಕ, ಇವನ್ನು "ಕ್ಲೀನ್" ಮಾಡಿ ಕಳಿಸುವವರಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ ಕೊಳ್ಳುವವರು ಫೋಟೋ ನೋಡಿ ಆರ್ಡರ್ ಮಾಡುತ್ತಾರೆ, ಕೈಗೆ ಬಂದಾಗ ಬೇರೆಯೇ ಇದ್ದರೆ ಬದಲಿ ಕೊಡಲಿಕ್ಕೆ ನನ್ನ ಹತ್ತಿರ ಇನ್ನೊಂದು ಇರುವುದಿಲ್ಲ. ಸೊಂಟ ಸಣ್ಣ ಮಾಡುವ ಲಿಕ್ವಿಫೈ ಕೂಡ ಬೇಡ. ಚೌಕಳಿ ಬಟ್ಟೆಯ ಗೆರೆ ಬಾಗಿ ಕೂಡಲೇ ಸಿಕ್ಕಿಬೀಳುತ್ತದೆ.

ಎಐ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಹಿನ್ನೆಲೆಯ ಗೋಡೆ ಸ್ವಲ್ಪ ಅಗಲ ಮಾಡಲು ಬಳಸಿದರೆ ಅಭ್ಯಂತರ ಇಲ್ಲ, ನನಗೆ ತಿಳಿಸಿ. ನನ್ನ ಉಡುಪಿನ ಫೋಟೋ ಹಾಕಿ ಇಲ್ಲದ ಮಾಡೆಲ್ ಮೈಮೇಲೆ ತೊಡಿಸುವುದು, ಅದರಿಂದ "ಅಂಥದ್ದೇ" ಹೊಸ ಉಡುಪು ಹುಟ್ಟಿಸುವುದು ಬೇಡ. ಶೂಟ್‌ಗೆ ಮೊದಲು ನಾವು ಬರೆದುಕೊಳ್ಳುವ ಒಪ್ಪಂದದಲ್ಲಿ ಇದಕ್ಕೊಂದು ಸಾಲು ಇದೆ.

ಫೋಟೋಗಳ ಹಕ್ಕು ಯಾರದ್ದು?

ಬೇರೆ ಮಾತಾಗಿಲ್ಲದಿದ್ದರೆ ಫೋಟೋಗ್ರಾಫರ್‌ದು. 1886ರಲ್ಲಿ ಶುರುವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್‌ಗೆ ನೋಂದಣಿ ಬೇಕಿಲ್ಲ, ಫೋಟೋ ತೆಗೆದ ಕೂಡಲೇ ಹಕ್ಕು ಹುಟ್ಟುತ್ತದೆ. ಉಡುಪು ನನ್ನದು ಅಂದ ಮಾತ್ರಕ್ಕೆ ಫೋಟೋ ನನ್ನದಾಗುವುದಿಲ್ಲ. ಸಂಬಳದ ಕೆಲಸ, ದುಡ್ಡು ಕೊಟ್ಟು ತೆಗೆಸಿದ ಫೋಟೋ, ಇವಕ್ಕೆ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅದಕ್ಕೇ ಬರೆದುಕೊಳ್ಳುವುದು.

ನನಗೆ ಬೇಕಾದ ಅನುಮತಿ ಇಷ್ಟು: ನನ್ನ ವೆಬ್‌ಸೈಟ್, ಸೋಷಿಯಲ್ ಮೀಡಿಯಾ, ಲುಕ್‌ಬುಕ್ (ನನ್ನ ಉಡುಪುಗಳ ಫೋಟೋ ಪುಸ್ತಕ), ಮತ್ತು ನನ್ನ ಬಗ್ಗೆ ಬರೆಯುವ ಪತ್ರಿಕೆಗಳಿಗೆ ಕೊಡುವುದು. ಇದಕ್ಕೆ ಅವಧಿ ಇರಬಾರದು. ಒಂದು ವರ್ಷದ ಅನುಮತಿ ದೊಡ್ಡ ಕಂಪನಿಗೆ ಸಾಕು, ಅವರು ಮುಂದಿನ ವರ್ಷ ಅದೇ ಅಂಗಿ ಮತ್ತೆ ತೆಗೆಸಬಹುದು. ನನ್ನ ಅಂಗಿ ಆಗ ಯಾರದೋ ಮನೆಯ ಬೀರುವಿನಲ್ಲಿ ಇರುತ್ತದೆ. ಪ್ರತಿಯಾಗಿ, ನಿಮ್ಮ ಫೋಟೋಗೆ ನಾನು ಫಿಲ್ಟರ್ ಹಾಕುವುದಿಲ್ಲ, ಬೇರೆ ಕಂಪನಿಗೆ ಮಾರುವುದಿಲ್ಲ, ನಿಮ್ಮ ಹೆಸರಿಲ್ಲದೆ ಹಾಕುವುದಿಲ್ಲ. ಅಂಚು ಕತ್ತರಿಸಬೇಕಾದರೆ ಕೇಳುತ್ತೇನೆ.

ಮಾಡೆಲ್‌ದು ಬೇರೆಯೇ ವಿಷಯ. ಮಾರಾಟಕ್ಕೆ ಮುಖ ಬಳಸುವುದಾದರೆ ಅವರ ಸಹಿ ಇರುವ ರಿಲೀಸ್ ಫಾರ್ಮ್, ಅಂದರೆ ಫೋಟೋ ಬಳಸಲು ಒಪ್ಪಿಗೆ ಪತ್ರ, ಬೇಕು. ಹದಿನೆಂಟು ತುಂಬದವರಾದರೆ ಪೋಷಕರ ಸಹಿ, ಮತ್ತು ಶೂಟ್ ಮುಗಿಯುವವರೆಗೂ ಪೋಷಕರೊಬ್ಬರು ಅಲ್ಲೇ ಇರಬೇಕು.

ಫೈಲ್‌ಗಳನ್ನು ಹೇಗೆ ಕಳಿಸಬೇಕು?

ರಾ ಫೈಲ್ (ಕ್ಯಾಮೆರಾದಿಂದ ಬಂದ, ಇನ್ನೂ ಎಡಿಟ್ ಮಾಡದ ಫೈಲ್) ಬೇಡ. ಎಡಿಟ್ ಮಾಡಿದ ಜೆಪೆಗ್, ಎಸ್‌ಆರ್‌ಜಿಬಿ ಬಣ್ಣದ ಸೆಟ್ಟಿಂಗ್‌ನಲ್ಲಿ, ಪೂರ್ತಿ ಗಾತ್ರದಲ್ಲಿ. ಎ4 ಪುಟದಲ್ಲಿ 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಅಚ್ಚು ಹಾಕಲು 2480 ಗುಣಿಸು 3508 ಪಿಕ್ಸೆಲ್ ಬೇಕು, ಅದಕ್ಕಿಂತ ಸಣ್ಣದಾದರೆ ಲುಕ್‌ಬುಕ್‌ಗೆ ಬಾರದು. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡ್ರೈವ್ ಲಿಂಕ್ ಕೊಡಿ.

ಮ್ಯಾಗಜೀನ್‌ಗೆ ಕಳಿಸಬೇಕು ಅಂತಿದ್ದೇವೆ. ನಿಮಗೆ ಒಪ್ಪಿಗೆಯಾ?

ಒಪ್ಪಿಗೆ, ಒಂದು ಷರತ್ತಿನ ಮೇಲೆ. ಎಷ್ಟೋ ಮ್ಯಾಗಜೀನ್‌ಗಳು ಎಲ್ಲೂ ಬಾರದ ಫೋಟೋ ಮಾತ್ರ ತೆಗೆದುಕೊಳ್ಳುತ್ತವೆ. ಅಂದರೆ ಉತ್ತರ ಬರುವವರೆಗೆ ನಾವ್ಯಾರೂ ಒಂದು ತುಣುಕನ್ನೂ ಹಾಕುವ ಹಾಗಿಲ್ಲ, ತೆರೆಮರೆಯ ವಿಡಿಯೋ ಸೇರಿ. ಅಷ್ಟು ಕಾಲ ಆ ಉಡುಪಿನ ಫೋಟೋ ತೋರಿಸಲೂ ಆಗದು, ಹಾಗಾಗಿ ಮಾರಲೂ ಆಗದು. ಆದ್ದರಿಂದ ಒಂದು ಕೊನೇ ತಾರೀಕು ಇಡೋಣ. ಅಷ್ಟರೊಳಗೆ ಒಪ್ಪಿಗೆ ಬಾರದಿದ್ದರೆ ಎಲ್ಲರೂ ಅವರವರ ಪುಟದಲ್ಲಿ ಹಾಕಿಕೊಳ್ಳಬಹುದು. ಮ್ಯಾಗಜೀನ್ ನಿಮ್ಮನ್ನು ಮೊದಲೇ ಆರಿಸಿದ್ದರೆ ಅವರ ಪುಲ್ ಲೆಟರ್, ಅಂದರೆ ಶೂಟ್‌ಗೆ ಉಡುಪು ಕೊಡಿ ಎಂದು ಮ್ಯಾಗಜೀನ್ ಬರೆದುಕೊಡುವ ಪತ್ರ, ತೋರಿಸಿ. ಫೋಟೋ ಪ್ರಕಟಿಸಲು ನಮ್ಮಿಂದಲೇ ದುಡ್ಡು ಕೇಳುವ ಮ್ಯಾಗಜೀನ್‌ಗೆ ನಾನು ಪಾಲು ಹಾಕುವುದಿಲ್ಲ.

ಕ್ರೆಡಿಟ್ ಹೇಗೆ ಕೊಡಬೇಕು? ಕ್ಯಾಪ್ಷನ್‌ನಲ್ಲಿ ಏನು ಬರೆಯಬೇಕು?

ತಂಡದ ಎಲ್ಲರ ಹೆಸರೂ ಪ್ರತಿ ಪೋಸ್ಟ್‌ನಲ್ಲಿ ಇರಲಿ, ಕಾಮೆಂಟ್‌ನಲ್ಲಲ್ಲ, ಕ್ಯಾಪ್ಷನ್‌ನಲ್ಲೇ. ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಕೊಲ್ಯಾಬ್ ಪೋಸ್ಟ್ ಇದೆ, ಒಂದೇ ಪೋಸ್ಟ್ ಎರಡೂ ಕಡೆ ಕಾಣುತ್ತದೆ. ಅದನ್ನು ಬಳಸಿದರೆ ಎಲ್ಲರಿಗೂ ಲಾಭ.

ಕ್ಯಾಪ್ಷನ್‌ನಲ್ಲಿ "ನೂರಕ್ಕೆ ನೂರು ಪರಿಸರಸ್ನೇಹಿ", "ಭೂಮಿ ಉಳಿಸುವ ಫ್ಯಾಷನ್" ಅಂತ ದಯವಿಟ್ಟು ಬರೆಯಬೇಡಿ. ನನ್ನ ದಾರ ಹೊಸದು, ಜಿಪ್ಪುಗಳಲ್ಲಿ ಕೆಲವು ಹೊಸವು, ಎಲಾಸ್ಟಿಕ್ ಯಾವಾಗಲೂ ಹೊಸದು, ಏಕೆಂದರೆ ಹಳೆ ರಬ್ಬರು ಪುಡಿಯಾಗುತ್ತದೆ. ಯುರೋಪಿಯನ್ ಒಕ್ಕೂಟ ಪುರಾವೆ ಇಲ್ಲದ ಇಂಥ ಹಸಿರು ಮಾತುಗಳನ್ನು ತಡೆಯುವ ನಿರ್ದೇಶನವನ್ನು 2024ರಲ್ಲಿ ಹೊರಡಿಸಿತು. ಅದು ಅನ್ವಯವಾಗುವುದು 2026ರ ಸೆಪ್ಟೆಂಬರ್ 27ರಿಂದ. ಕಾನೂನು ಬದಿಗಿರಲಿ, "ಮೂರು ಹಳೆ ಜೀನ್ಸ್, ಒಂದು ಪರದೆ, ಹೊಸ ದಾರ" ಎಂದು ಬರೆದರೆ ಓದಲಿಕ್ಕೂ ಅದೇ ಚೆನ್ನ. ಯಾವ ಉಡುಪಿನಲ್ಲಿ ಏನೇನಿದೆ ಎಂಬ ಪಟ್ಟಿ ನಾನೇ ಕೊಡುತ್ತೇನೆ.

ಉಡುಪಿನ ಮೇಲೆ ಹಳೆ ಬ್ರ್ಯಾಂಡ್‌ನ ಗುರುತು ಕಾಣುತ್ತಿದೆ. ಪರವಾಗಿಲ್ವಾ?

ಆದಷ್ಟೂ ತೆಗೆದಿರುತ್ತೇನೆ. ಕೆಲವು ಕಡೆ ಗುಂಡಿಯ ಮೇಲೆ, ಜೇಬಿನ ಮೂಲೆಯಲ್ಲಿ ಉಳಿದಿರುತ್ತದೆ. ಅದರ ಕ್ಲೋಸಪ್ ತೆಗೆಯಬೇಡಿ, ಆ ಬ್ರ್ಯಾಂಡನ್ನು ಟ್ಯಾಗ್ ಮಾಡಬೇಡಿ. ಇದು ಸುಮ್ಮನೆ ಹೆದರಿಕೆಯಲ್ಲ. ಶನೆಲ್ ಗುರುತಿನ ಗುಂಡಿಗಳಿಂದ ಒಡವೆ ಮಾಡಿ ಮಾರುತ್ತಿದ್ದವರ ಮೇಲೆ ಆ ಕಂಪನಿ 2021ರಲ್ಲಿ ಅಮೆರಿಕದಲ್ಲಿ ಕೇಸು ಹಾಕಿತು. ಅದೇ ವರ್ಷ ಅಲ್ಲೇ ಇನ್ನೊಂದು ಕೇಸಿನಲ್ಲಿ, ಹ್ಯಾಮಿಲ್ಟನ್ ಕಂಪನಿಯ ಹಳೆ ಜೇಬುಗಡಿಯಾರಗಳನ್ನು ಕೈಗಡಿಯಾರ ಮಾಡಿ ಮಾರುತ್ತಿದ್ದ ವೋರ್ಟಿಕ್ ಎಂಬ ಸಣ್ಣ ಕಂಪನಿ ಗೆದ್ದಿತು. ಇದು ಹಳೆಯದನ್ನು ರಿಪೇರಿ ಮಾಡಿ ನಾವು ಕಟ್ಟಿದ್ದು ಎಂದು ಅವರು ಎಲ್ಲ ಕಡೆ ಸ್ಪಷ್ಟವಾಗಿ ಹೇಳಿದ್ದರು. ನಾನು ಎರಡನೆಯವರ ದಾರಿ ಹಿಡಿದಿದ್ದೇನೆ.

ನಾನು ಹೊಸಬಳು, ಮಾಡೆಲಿಂಗ್ ಅನುಭವ ಇಲ್ಲ. ಬರಬಹುದಾ?

ಖಂಡಿತ ಬನ್ನಿ. ಜೊತೆಗೆ ಯಾರನ್ನಾದರೂ ಕರೆತನ್ನಿ, ಕೇಳುವುದೇ ಬೇಡ. ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಜಾಗ ಇಲ್ಲದ ಕಡೆ ನಾನು ಉಡುಪು ಕೊಡುವುದಿಲ್ಲ. ಹಳೆ ಬಟ್ಟೆ ಸವೆದು ತೆಳುವಾಗಿರುತ್ತದೆ, ಫ್ಲ್ಯಾಶ್ ಬಿದ್ದಾಗ ಒಳಗಿನದು ಕಾಣಬಹುದು. ಮೈಬಣ್ಣದ ಒಳಉಡುಪು ತನ್ನಿ, ಮತ್ತು ಮೊದಲ ಫೋಟೋ ಸ್ಕ್ರೀನಿನಲ್ಲಿ ನೋಡಿ ಒಪ್ಪಿದ ಮೇಲೆ ಮುಂದುವರಿಯಿರಿ. ಬೇಡ ಅನ್ನಿಸಿದರೆ ಬೇಡ ಅನ್ನಿ.

ನೀವೂ ಶೂಟ್‌ಗೆ ಬರುತ್ತೀರಾ?

ಆದಾಗಲೆಲ್ಲ ಬರುತ್ತೇನೆ. ಸೂಜಿ, ದಾರ, ಸ್ಟೀಮರ್, ಬಟ್ಟೆಯ ಕೂದಲು ತೆಗೆಯುವ ರೋಲರ್ ನಾನೇ ತರುತ್ತೇನೆ. ಕ್ಯಾಮೆರಾ ಹಿಂದೆ ನಿಂತು ಸಲಹೆ ಕೊಡುವ ಅಭ್ಯಾಸ ಇಲ್ಲ. ಕಾಲರ್ ಮಡಚಿಕೊಂಡರೆ ಮಾತ್ರ ಓಡಿಬರುತ್ತೇನೆ.

ಕೊರಿಯರ್‌ನಲ್ಲಿ ಕಳಿಸುತ್ತೀರಾ?

ಕಳಿಸುತ್ತೇನೆ, ವಿಮೆ ಮಾಡಿಸಿ. ಹೋಗಿಬರುವ ಖರ್ಚು ಕೇಳಿದವರದ್ದು. ಬಂದ ಡಬ್ಬಿ, ಟಿಶ್ಯೂ ಎಲ್ಲ ಎತ್ತಿಡಿ, ಅದರಲ್ಲೇ ವಾಪಸ್ ಕಳಿಸಿ. ಹೆಣಿಗೆ ಉಡುಪುಗಳನ್ನು ಹ್ಯಾಂಗರ್‌ಗೆ ಹಾಕಬೇಡಿ, ಭುಜದಲ್ಲಿ ಉಬ್ಬು ಏಳುತ್ತದೆ, ಮಡಚಿ ಇಡಿ. ತಂತಿ ಹ್ಯಾಂಗರ್ ಯಾವುದಕ್ಕೂ ಬೇಡ. ಒಗೆಯದೇ ಕಳಿಸಿ.

ನಮ್ಮ ಶೂಟ್‌ಗೆ ಅಂತಲೇ ಹೊಸದೊಂದು ಹೊಲಿದು ಕೊಡುತ್ತೀರಾ?

ಕೆಲವೊಮ್ಮೆ. ಸಮಯ ಜಾಸ್ತಿ ಬೇಕು, ಕೂಲಿ ಕೊಡಬೇಕು, ಬಣ್ಣ ಹೀಗೇ ಇರಬೇಕು ಅಂತ ಹಟ ಹಿಡಿಯಬಾರದು. "ಹಸಿರಿನ ಕಡೆ ಇರಲಿ" ಅಂದರೆ ಆಗುತ್ತದೆ, ಸ್ಯಾಂಪಲ್ ತೋರಿಸಿ "ಇದೇ ಹಸಿರು" ಅಂದರೆ ಆಗುವುದಿಲ್ಲ. ನಿಮ್ಮದೇ ಹಳೆ ಬಟ್ಟೆಗಳನ್ನು ಕೊಟ್ಟರೆ ನನಗೆ ಬಹಳ ಇಷ್ಟ.

ಶೂಟ್ ಆದ ಮೇಲೆ ಉಡುಪು ಇಟ್ಟುಕೊಳ್ಳಬಹುದಾ?

ಕೊಳ್ಳಬಹುದು. ಶೂಟ್‌ನಲ್ಲಿ ಜೊತೆಯಾದವರಿಗೆ ಬೆಲೆಯಲ್ಲಿ ರಿಯಾಯಿತಿ ಇದೆ. ಬೇರೆಯವರು ಕೇಳುವ ಮೊದಲು ನಿಮ್ಮನ್ನೇ ಕೇಳುತ್ತೇನೆ.

ಮಳೆ ಬಂದರೆ? ಯಾರಿಗಾದರೂ ಹುಷಾರಿಲ್ಲದಿದ್ದರೆ?

ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಇನ್ನೊಂದು ದಿನ ನೋಡೋಣ, ಯಾವ ಖರ್ಚೂ ಕೇಳುವುದಿಲ್ಲ. ಉಡುಪು ಆ ಹೊತ್ತಿಗೆ ಮಾರಾಟವಾಗಿದ್ದರೆ ಬೇರೆಯದು ಆರಿಸಬೇಕಾಗುತ್ತದೆ. ಹೊಸ ತಾರೀಕಿನ ಜೊತೆಗೇ ಎರಡನೇ ಆಯ್ಕೆಯನ್ನೂ ಬರೆದು ಕಳಿಸಿ.